ನಮ್ಮ ಮನೆಯ ಟೀ ಪಾರ್ಟಿ

ನಮ್ಮ ಹಳೆಯ ಮೈಸೂರಿನಲ್ಲಿ ‘ಟೀ ಪಾರ್ಟಿ’ ಎಂದರೆ ಕಾಫಿ ಕೊಡುವ ಸಮಾರಂಭ. ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ನಮಗೆ ಎಂದೂ ಹಾಗೆ ಕಂಡದ್ದಿಲ್ಲ. ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅಮಲ್ದಾರರಿಗೆ ವರ್ಗವಾದರೆ ಟೀ ಪಾರ್ಟಿ, ಅವರ ಜಾಗಕ್ಕೆ ಇನ್ನೊಬ್ಬರು ಬಂದರೆ ಟೀ ಪಾರ್ಟಿ, ಶಿರಸ್ತೇದಾರರು ನಿವೃತ್ತರಾದರೆ ಹಾರ, ಭಾಷಣ, ಗ್ರೂಪ್ ಫೋಟೋ ಸಮೇತ ಟೀ ಪಾರ್ಟಿ. ತಟ್ಟೆಯಲ್ಲಿ ಒಂದು ಜಹಾಂಗೀರು, ಒಂದು ಹಿಡಿ ಖಾರ, ಒಂದು ಬಾಳೆಹಣ್ಣು. ಪಕ್ಕದಲ್ಲಿ ಹೊಗೆಯಾಡುವ ಕಾಫಿಯ ಲೋಟ. ಜಹಾಂಗೀರನ್ನು ತಂದೆಯವರು ಕಾಗದದಲ್ಲಿ ಸುತ್ತಿ ಕೋಟಿನ ಜೇಬಿನಲ್ಲಿಟ್ಟು ಮಕ್ಕಳಿಗೆಂದು ತರುತ್ತಿದ್ದರು. ಕೋಟನ್ನು ಒಗೆಯುವ ದಿನ ಅಮ್ಮನಿಗೂ ಅವರಿಗೂ ನಡೆಯುತ್ತಿದ್ದ ಸಂಭಾಷಣೆಯನ್ನು ಇಲ್ಲಿ ಬರೆಯುವುದಿಲ್ಲ. “ಟೀ ಪಾರ್ಟಿ ಹೇಗಿತ್ತು?” ಎಂದು ಯಾರಾದರೂ ಕೇಳಿದರೆ ತಂದೆಯವರು ಗಂಭೀರವಾಗಿ, “ಕಾಫಿ ಚೆನ್ನಾಗಿತ್ತು” ಎನ್ನುತ್ತಿದ್ದರು.

ಹಾಗೆಂದು ಟೀ ಎಂಬ ಪದಾರ್ಥ ನಮ್ಮ ಮನೆಗಳಲ್ಲಿ ಇರಲೇ ಇಲ್ಲವೆಂದಲ್ಲ. ಇತ್ತು, ಆದರೆ ಅಡಿಗೆಮನೆಯಲ್ಲಲ್ಲ, ಔಷಧಿಯ ಗೂಡಿನಲ್ಲಿ, ಅಮೃತಾಂಜನದ ಸೀಸೆಯ ಪಕ್ಕದಲ್ಲಿ. ನೆಗಡಿ ಬಂದವರಿಗೆ, ತಲೆನೋವಿನವರಿಗೆ, ಹೊಟ್ಟೆ ಕೆಟ್ಟವರಿಗೆ ಒಂದು ಅರ್ಧ ಲೋಟ ಟೀ. ಆರೋಗ್ಯವಾಗಿರುವ ಮನುಷ್ಯ ಟೀ ಕೇಳಿದರೆ ಮನೆಯವರು ಅವನ ಹಣೆ ಮುಟ್ಟಿ ನೋಡುತ್ತಿದ್ದರು. ಬಾಬಾ ಬುಡನ್ ಅವರು ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದರೆಂದು ಐತಿಹ್ಯ ಹೇಳುತ್ತದೆ. ಆ ಏಳು ಬೀಜಗಳ ಪ್ರಭಾವ ನಮ್ಮ ಸೀಮೆಯಲ್ಲಿ ಅಷ್ಟು ಗಾಢವಾದದ್ದು. ಇಂದಿಗೂ ದೇಶದ ಕಾಫಿಯಲ್ಲಿ ಹೆಚ್ಚುಪಾಲು ಬೆಳೆಯುವುದು ನಮ್ಮ ರಾಜ್ಯದಲ್ಲಿಯೇ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ ಚಹಾ ತೋಟವೂ ಉಂಟು ಎಂದರೆ, ಮಠದ ಆವರಣದಲ್ಲಿ ನಾಟಕದ ಕಂಪನಿ ಇದೆಯೆಂದು ಕೇಳಿದವರಂತೆ ನಮ್ಮವರು ಹುಬ್ಬೇರಿಸುತ್ತಾರೆ.

ಇಂಥ ಪರಂಪರೆಯಲ್ಲಿ ಹುಟ್ಟಿದ ನಾನು ಮನೆಯಲ್ಲಿ ತಿಂಗಳಿಗೊಮ್ಮೆ ಟೀ ಪಾರ್ಟಿ ನಡೆಸುತ್ತೇನೆಂದರೆ, ಅದೂ ಟೀ ಕೊಡುವ ಟೀ ಪಾರ್ಟಿ ಎಂದರೆ, ಕಾರಣ ಹೇಳಬೇಕಾಗುತ್ತದೆ.

ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ನನಗೊಂದು ಸತ್ಯ ಹೊಳೆಯಿತು. ನೆಂಟರಿಷ್ಟರನ್ನು, ಗೆಳತಿಯರನ್ನು ನಾನು ನೋಡುತ್ತಿದ್ದದ್ದು ಎರಡೇ ಕಡೆ: ಕಲ್ಯಾಣಮಂಟಪದಲ್ಲಿ ಮತ್ತು ವೈಕುಂಠ ಸಮಾರಾಧನೆಯಲ್ಲಿ. ಮೊದಲನೆಯ ಕಡೆ ಓಲಗದ ಅಬ್ಬರದಲ್ಲಿ ಮಾತು ಕೇಳಿಸುವುದಿಲ್ಲ. ಎರಡನೆಯ ಕಡೆ ಕೇಳಿಸುತ್ತದೆ, ಆದರೆ ಯಾರ ಮಾತು ಕೇಳಬೇಕೆಂದು ಆಸೆಯಿತ್ತೋ ಅವರೇ ಇರುವುದಿಲ್ಲ. ಇವೆರಡರ ನಡುವೆ ಮನುಷ್ಯರು ಸುಮ್ಮನೆ ಒಂದೆಡೆ ಕೂತುಕೊಳ್ಳುವ ಜಾಗವೊಂದು ಬೇಕಲ್ಲವೆ? ಊಟಕ್ಕೆ ಕರೆದರೆ ಮೂರು ದಿನದ ದುಡಿಮೆ. ಚಹಕ್ಕಾದರೆ ಮಧ್ಯಾಹ್ನ ನಾಲ್ಕೂವರೆಗೆ ಬಂದು ದೀಪ ಹಚ್ಚುವ ವೇಳೆಗೆ ಹೊರಡಬಹುದು. ಎರಡನೆಯ ಶನಿವಾರವೆಂದು ಗೊತ್ತುಮಾಡಿದೆ. 2015ರಿಂದ ಆ ದಿನ ಬ್ಯಾಂಕುಗಳಿಗೆ ರಜ. ಇನ್ನೂ ಕೆಲಸದಲ್ಲಿರುವ ನನ್ನ ಸಹೋದ್ಯೋಗಿಗಳೂ ಬರಬಹುದು.

ಮೊದಲ ಕೂಟಕ್ಕೆ ಹನ್ನೊಂದು ಜನ ಬಂದರು. ಗಂಡಸರು ಸೈಟಿನ ಬೆಲೆಯಿಂದ ಹೊರಟು ಸಕ್ಕರೆ ಕಾಯಿಲೆಗೆ ಬಂದು, ಮತ್ತೆ ಸೈಟಿನ ಬೆಲೆಗೆ ಹೋದರು. ಹೆಂಗಸರು ಮನೆಗೆಲಸದವರ ಪ್ರಸ್ತಾಪವೆತ್ತಿದರು. ಅದು ಮುಗಿಯುವ ಪ್ರಸ್ತಾಪವಲ್ಲ. ಮಿಕ್ಕವರು ಅಂಗೈಯ ಮೊಬೈಲಿನಲ್ಲಿ ದೃಷ್ಟಿ ನೆಟ್ಟರು. ಎಲ್ಲರೂ ಹೋದ ಮೇಲೆ ನನ್ನ ತಮ್ಮನ ಮಗಳು ತಟ್ಟೆಗಳನ್ನು ಎತ್ತಿಡುತ್ತಾ, “ಅತ್ತೆ, ಇದಕ್ಕೆ ಒಂದು ಥೀಮ್ ಬೇಕು” ಎಂದಳು.

ಥೀಮ್ ಎಂದರೇನೆಂದು ನಮ್ಮ ಮನೆಯವರು ಕೇಳಿದರು. ಹುಟ್ಟಿದ ಹಬ್ಬಗಳಲ್ಲಿ ಮಕ್ಕಳಿಗೆಲ್ಲ ಒಂದೇ ಬಣ್ಣದ ಟೋಪಿ ಹಾಕಿಸುತ್ತಾರಲ್ಲ, ಅದು ಎಂದು ಅವರೇ ಉತ್ತರವನ್ನೂ ಹೇಳಿಕೊಂಡರು. ನಮ್ಮ ಕೂಟದ ಸದಸ್ಯರಾದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಇದಕ್ಕೆ ಸರಿಯಾದ ಮಾತು ‘ಸ್ಥಾಯಿ’ ಎಂದು ತೀರ್ಪಿತ್ತರು. ಅವರ ವ್ಯಾಖ್ಯಾನದ ಪ್ರಕಾರ ಚಹಾ ಸ್ಥಾಯೀಭಾವ. ಬೋಂಡ, ಖಾರದ ಅವಲಕ್ಕಿ, ಬಿಸ್ಕತ್ತು ಇತ್ಯಾದಿಗಳು ಬಂದು ಬಂದು ಹೋಗುವ ವ್ಯಭಿಚಾರೀಭಾವಗಳು. ಕೊನೆಯ ಮಾತನ್ನು ಅವರು ಬೋಂಡವನ್ನು ಕೈಯಲ್ಲಿ ಹಿಡಿದೇ ಹೇಳಿದರು.

ಅಂತೂ ಒಂದೊಂದು ತಿಂಗಳಿಗೆ ಒಂದೊಂದು ವಿಷಯ ಎಂದಾಯಿತು. ಮೊದಲು ಆಂಗ್ಲರ ಚಹಾ. ಬೆಡ್‌ಫರ್ಡಿನ ಏಳನೆಯ ಡಚೆಸ್ ಆದ ಅನ್ನಾ ಎಂಬಾಕೆಗೆ 1840ರ ಸುಮಾರಿಗೆ ಮಧ್ಯಾಹ್ನದ ಲಘು ಊಟಕ್ಕೂ ರಾತ್ರಿ ಎಂಟರ ಊಟಕ್ಕೂ ನಡುವೆ ಹೊಟ್ಟೆ ಕುಸಿಯುತ್ತಿತ್ತಂತೆ. ಗುಟ್ಟಾಗಿ ಕೋಣೆಗೆ ಚಹಾ ಮತ್ತು ರೊಟ್ಟಿಬೆಣ್ಣೆ ತರಿಸಿಕೊಂಡಳಂತೆ. ಗುಟ್ಟು ಗೆಳತಿಯರಿಗೆ ಹಬ್ಬಿ ಅದೇ ಒಂದು ಸಂಪ್ರದಾಯವಾಯಿತಂತೆ. ಮಧ್ಯಾಹ್ನದ ತಿಂಡಿಯನ್ನು ಕಂಡುಹಿಡಿದವರೂ ಒಬ್ಬರಿದ್ದರು ಎಂಬುದು ನಮ್ಮ ಮನೆಯವರಿಗೆ ನಂಬಲಾಗದ ಸಂಗತಿ. ಸೌತೆಕಾಯಿಯ ಸ್ಯಾಂಡ್‌ವಿಚ್ ಮಾಡಿದೆ. ಉಪ್ಪು ಸವರಿ, ಹೆಚ್ಚಿದ್ದರ ಮೇಲೆ ಸ್ವಲ್ಪ ಮೆಣಸಿನಪುಡಿ ಉದುರಿಸಿದ್ದನ್ನು ತಿಂದು ಎಲ್ಲರೂ, ಇದು ಬ್ರೆಡ್ಡಿನ ನಡುವೆ ಸಿಕ್ಕಿಬಿದ್ದ ಕೋಸಂಬರಿ ಎಂದು ಏಕಕಂಠದಿಂದ ನುಡಿದರು.

ಆ ದಿನ ಡಾರ್ಜಿಲಿಂಗ್ ಎಲೆ ತರಿಸಿದ್ದೆ. ಡಾಕ್ಟರ್ ಕ್ಯಾಂಪ್‌ಬೆಲ್ ಎಂಬವರು 1841ರಲ್ಲಿ ಡಾರ್ಜಿಲಿಂಗಿನಲ್ಲಿ ಪರೀಕ್ಷೆಗೆಂದು ಚಹಾ ಬೀಜ ಹಾಕಿದರು. ಅಲ್ಲಿಂದ ಬೆಳೆದ ಕೀರ್ತಿ ಎಷ್ಟೆಂದರೆ, ನಮ್ಮ ದೇಶದಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ಮೊಟ್ಟಮೊದಲು ಸಿಕ್ಕಿದ್ದು ಆ ಚಹಾಕ್ಕೇ. ಒಂದು ಕಪ್ಪಿಗೆ 2ರಿಂದ 2.5 ಗ್ರಾಂ ಎಲೆ. ಕುದಿದ ನೀರನ್ನು ಎಲೆಯ ಮೇಲೆ ಸುರಿದು, ಮುಚ್ಚಿ, ಮೂರು ನಾಲ್ಕು ನಿಮಿಷ ಬಿಟ್ಟು ಸೋಸಬೇಕು. ಎಲೆಯನ್ನು ಕುದಿಸಕೂಡದು, ಹಾಲನ್ನಂತೂ ಹತ್ತಿರ ಸುಳಿಯಗೊಡಬಾರದು. ಇಷ್ಟೆಲ್ಲ ನೇಮ ನಿಷ್ಠೆಯಿಂದ ಸಿದ್ಧವಾದ ಹೊಂಬಣ್ಣದ ಪಾನೀಯವನ್ನು ನಮ್ಮ ಅತ್ತೆಯವರ ಕೈಗೆ ಕೊಟ್ಟೆ. ಅವರು ಎಂಬತ್ತು ದಾಟಿದವರು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಅವರದು. ಒಂದು ಗುಟುಕು ಕುಡಿದು, ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, “ನೀರಿಗೆ ಬಣ್ಣ ಹಚ್ಚಿದ ಹಾಗಿದೆ” ಎಂದರು. ಕಾಫಿಯವರು ಇನ್ನೇನು ಹೇಳಿಯಾರು ಎಂದು ಎಲ್ಲರೂ ನಕ್ಕರು. ಅತ್ತೆಯವರೂ ನಕ್ಕರು.

ಡಿಸೆಂಬರಿನಲ್ಲಿ ಬಾಸ್ಟನ್ ಎಂಬ ವಿಷಯವನ್ನು ನನ್ನ ತಮ್ಮ ಸೂಚಿಸಿದ. 1773ನೆಯ ಇಸವಿ ಡಿಸೆಂಬರ್ 16ರ ರಾತ್ರಿ ಅಮೆರಿಕದ ಆ ಬಂದರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹವನ್ನು ಜನ ಸಮುದ್ರಕ್ಕೆ ಸುರಿದರು. ತಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ಹಾಕಿದ ಸುಂಕವನ್ನು ತೆರಲಾರೆವೆಂಬುದು ಅವರ ಹಟ. ಆಮೇಲೆ ಅಲ್ಲಿ ಚಹಾ ಕುಡಿಯುವುದು ದೇಶಭಕ್ತರಿಗೆ ತಕ್ಕದ್ದಲ್ಲವೆಂದಾಗಿ, ಕಾಫಿಗೆ ಮರ್ಯಾದೆ ಬಂದಿತು. ಆದ್ದರಿಂದ ಚರಿತ್ರೆಗೆ ನಿಷ್ಠರಾಗಿ ನಾವು ಆ ದಿನ ಟೀ ಕೊಡದೆ ಫಿಲ್ಟರ್ ಕಾಫಿ ಕೊಟ್ಟೆವು. ನಡೆದ ಕೂಟಗಳಲ್ಲೆಲ್ಲ ಇದೇ ಅತ್ಯಂತ ಯಶಸ್ವಿಯೆಂದು ಬಹುಮತದಿಂದ ತೀರ್ಮಾನವಾಯಿತು. ತಂದೆಯವರಿದ್ದಿದ್ದರೆ ಕೋಟು ಹಾಕಿಕೊಂಡು ಬರುತ್ತಿದ್ದರು.

ಜಪಾನಿನದು ಅಷ್ಟು ಸುಲಭವಾಗಲಿಲ್ಲ. ಹದಿನಾರನೆಯ ಶತಮಾನದ ಸೆನ್ ನೊ ರಿಕ್ಯೂ ಎಂಬ ಚಹಾಚಾರ್ಯನ ಕಾಲದಲ್ಲಿ ಚಹಾ ಮನೆಯ ಬಾಗಿಲನ್ನು ಬಹಳ ಗಿಡ್ಡವಾಗಿ ಇಡಿಸುತ್ತಿದ್ದರಂತೆ. ಎಂಥ ವೀರನೂ ಕತ್ತಿಯನ್ನು ಹೊರಗಿಟ್ಟು, ತಲೆ ಬಗ್ಗಿಸಿ, ಮೊಣಕಾಲೂರಿ ಒಳಗೆ ಬರಬೇಕು. ನಮ್ಮಲ್ಲಿ ಮೊಣಕಾಲಿನ ಮಾತೆತ್ತಿದರೆ ಅರ್ಧ ಜನ ಬರುವುದಿಲ್ಲ. ಕತ್ತಿಯ ಬದಲು ಮೊಬೈಲುಗಳನ್ನು ಹೊಸ್ತಿಲಾಚೆ ಒಂದು ಬಿದಿರಿನ ಬುಟ್ಟಿಯಲ್ಲಿ ಇಡಿಸಿದೆ. ಐದು ನಿಮಿಷ ಮೌನವಾಗಿ ಚಹಾ ಕುಡಿಯುವುದೆಂದು ಏರ್ಪಾಟಾಗಿತ್ತು. ಮೂರನೆಯ ನಿಮಿಷಕ್ಕೆ ನಮ್ಮ ದೊಡ್ಡಪ್ಪನವರ ಗೊರಕೆ ಕೇಳಿಸಿತು. ಆದರೆ ಬುಟ್ಟಿಯ ಪದ್ಧತಿ ಮಾತ್ರ ಉಳಿದುಕೊಂಡಿತು. ಈಗ ಯಾವ ವಿಷಯವಾದರೂ ಸರಿ, ಬುಟ್ಟಿ ಹೊಸ್ತಿಲ ಬಳಿ ಇರುತ್ತದೆ.

ಇದರಿಂದ ನಾನು ಗಮನಿಸಿದ್ದು ಒಂದುಂಟು. ವಿಷಯ ಎನ್ನುವುದು ಕಪ್ಪಿನ ಕಿವಿಯಿದ್ದಂತೆ. ಕಿವಿಯಿಲ್ಲದ ಕಪ್ಪಿನಲ್ಲೂ ಚಹಾ ಅಷ್ಟೇ ಇರುತ್ತದೆ, ಆದರೆ ಬಿಸಿ ಇರುವಾಗ ಕೈಯಲ್ಲಿ ಹಿಡಿಯಲಾಗುವುದಿಲ್ಲ. “ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ” ಎಂದು ಕೇಳಿದರೆ ನಮ್ಮ ಜನ ಹೇಳುವವರಲ್ಲ, ಕೇಳುವುದೂ ಮರ್ಯಾದೆಯಲ್ಲ. ಕಾಶ್ಮೀರದ ಕಾವಾದ ಮೇಲೆ ಮಾತು ಬಂದ ದಿನ, ಸೈನ್ಯದಲ್ಲಿದ್ದು ಬಂದ ನಮ್ಮ ನೆರೆಯವರು, ಕೇಸರಿ, ಬಾದಾಮಿ, ದಾಲ್ಚಿನ್ನಿ ಹಾಕಿದ ಆ ಹಸುರು ಚಹವನ್ನು ಕೈಯಲ್ಲಿ ಹಿಡಿದುಕೊಂಡು, ಅಲ್ಲಿ ಕಳೆದುಕೊಂಡ ಒಬ್ಬ ಸಂಗಡಿಗನ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅವರ ಮನೆಯವರೇ ಅದನ್ನು ಅದುವರೆಗೆ ಕೇಳಿರಲಿಲ್ಲವಂತೆ.

ಮಾರ್ಚಿಯ ಕೂಟಕ್ಕೆ ವಿಷಯ ಕೊಟ್ಟವರು ಕನ್ನಡ ಅಧ್ಯಾಪಕರು: ‘ಟೀ ಮತ್ತು ಚಹಾ’. ಎರಡೂ ಚೀನೀ ಮಾತುಗಳೇ, ಒಂದೇ ಗಿಡದ ಹೆಸರೇ, ಆದರೆ ಪಯಣದ ದಾರಿ ಬೇರೆ ಎಂದು ಅವರು ಬಿಡಿಸಿ ಹೇಳಿದರು. ಫುಜಿಯನ್ ಕರಾವಳಿಯವರು ಅದನ್ನು ‘ಟೆ’ ಎನ್ನುತ್ತಿದ್ದರು. ಡಚ್ಚರ ಹಡಗು ಆ ಮಾತನ್ನು ಹೊತ್ತು ಯೂರೋಪಿಗೆ ಹೋಯಿತು. ಅದು ಇಂಗ್ಲಿಷರ ಬಾಯಲ್ಲಿ ‘ಟೀ’ ಆಯಿತು. ಚೀನಾದ ಉಳಿದ ಬಹುಭಾಗದಲ್ಲಿ ಅದು ‘ಚಾ’. ಮಕಾವಿನ ಪೋರ್ತುಗೀಸರೂ, ನೆಲದ ದಾರಿಯಲ್ಲಿ ಪರ್ಷಿಯಾದವರೂ ಆ ಮಾತನ್ನು ಹಿಡಿದರು. ಅದೇ ಹಿಂದಿಯ ಚಾಯ್, ಮರಾಠಿಯ ಚಹಾ. ಹಾಗಾಗಿ ಕನ್ನಡದಲ್ಲಿ ಮೈಸೂರಿನವನು ಟೀ ಎಂದಾಗ ಒಂದು ಹಡಗೂ, ಧಾರವಾಡದವನು ಚಹಾ ಎಂದಾಗ ಇನ್ನೊಂದು ದಾರಿಯೂ ನಮ್ಮ ನುಡಿಗೆ ಬಂದು ಸೇರುತ್ತವೆ. “ಧಾರವಾಡ 1956ರ ನವೆಂಬರ್ 1ರವರೆಗೆ ಮುಂಬಯಿ ಸರ್ಕಾರಕ್ಕೆ ಸೇರಿತ್ತಲ್ಲ, ಅವರಿಗೆ ಚಹದ ರೂಢಿ ಆ ಕಡೆಯಿಂದ ಬಂದದ್ದು” ಎಂದು ಅವರು ಮುಗಿಸುತ್ತಿದ್ದಂತೆ, ಬೆತ್ತದ ಕುರ್ಚಿಯಿಂದ ಒಂದು ಮಾತು ಬಂತು:

“ಚಹಾ ಅಲ್ಲ. ಚಾ.”

ನಮ್ಮ ಅತ್ತೆಯವರ ತವರು ಧಾರವಾಡ. ಇದು ಎಲ್ಲರಿಗೂ ಗೊತ್ತಿದ್ದ ವಿಷಯವೇ, ಅವರ ಜಾತಕದಲ್ಲಿ ನಕ್ಷತ್ರ ಗೊತ್ತಿದ್ದಷ್ಟು. 1961ರಲ್ಲಿ ಮದುವೆಯಾಗಿ ಮೀಟರ್ ಗೇಜ್ ರೈಲಿನಲ್ಲಿ ಮೈಸೂರಿಗೆ ಬಂದವರು. ರಾಜ್ಯಗಳು ಒಂದಾಗಿ ಐದು ವರ್ಷವಾಗಿತ್ತು. ಅಡಿಗೆಮನೆಗಳು ಇನ್ನೂ ಒಂದಾಗಿರಲಿಲ್ಲ. ಅರವತ್ತು ವರ್ಷಗಳಲ್ಲಿ ಅವರ ಮಾತು ಪೂರ್ತಿ ಮೈಸೂರಿನದಾಗಿತ್ತು. ಫೋನಿನಲ್ಲಿ ಅವರ ತಮ್ಮನೊಡನೆ ಮಾತಾಡುವಾಗ ಮಾತ್ರ, ಬಾಗಿಲು ಮುಂದೆ ಮಾಡಿದ ಕೋಣೆಯಿಂದ, ಬೇರೊಂದು ದನಿ ಕೇಳಿಸುತ್ತಿತ್ತು. ತಮ್ಮ ತೀರಿಕೊಂಡ ಮೇಲೆ ಅದೂ ನಿಂತಿತ್ತು.

ಅಧ್ಯಾಪಕರು ಸಂತೋಷದಿಂದ, “ಹಾಗಾದರೆ ಮುಂದಿನ ತಿಂಗಳ ಚಹಾ ನಿಮ್ಮದೇ ಆಗಲಿ ತಾಯಿ, ವಿಷಯ, ತವರಿನ ಚಾ” ಎಂದುಬಿಟ್ಟರು. ಅತ್ತೆಯವರು ಆಗಲೆಂದೂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೂಟಕ್ಕೆ ಎರಡು ದಿನ ಮೊದಲು ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿ ಬರೆದಿದ್ದುದು: ಪುಡಿ, ಎಲೆಯಲ್ಲ, ತೆಳು ಅವಲಕ್ಕಿ, ಅಲ್ಲ. ‘ಅಲ್ಲ’ ಎಂದು ಬರೆದು ಆ ಮೇಲೆ ಏನನ್ನು ಬರೆಯಲು ಮರೆತರೋ ಎಂದು ನಾನು ಕೇಳಿದೆ. ಅವರು ನಕ್ಕ ನಗೆಯನ್ನು ನೀವು ನೋಡಬೇಕಾಗಿತ್ತು. ಅಲ್ಲ ಎಂದರೆ ಹಸಿಶುಂಠಿ. ಮದುವೆಯಾಗಿ ಬಂದ ಮೂರನೆಯ ದಿನ ಅವರು ತಮ್ಮ ಅತ್ತೆಯನ್ನು “ಅಲ್ಲ ಇಲ್ಲೇನ್ರೀ?” ಎಂದು ಕೇಳಿದ್ದರಂತೆ. “ಏನು ಅಲ್ಲ? ಯಾವುದು ಇಲ್ಲ?” ಎಂದು ಆ ಹಿರಿಯರು ಗಾಬರಿಯಾಗಿ, ಹುಡುಗಿಗೆ ದೃಷ್ಟಿಯಾಗಿದೆಯೆಂದು ಉಪ್ಪು ನಿವಾಳಿಸಿದರಂತೆ. ಅಂದಿನಿಂದ ಶುಂಠಿ ಶುಂಠಿಯಾಯಿತು.

ಆ ಶನಿವಾರ ಒಲೆಯ ಮುಂದೆ ಅವರೇ ನಿಂತರು. ಪುಡಿಯ ಚಹಾ ಎಂದರೆ ಕೈಕಾಲು ಮುರಿದ ಚಹಾ ಎಂದು ತಿಳಿದವರು ಅಸಡ್ಡೆ ಮಾಡುವುದುಂಟು. ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಎಲೆಯನ್ನು ಅರೆದು, ಹರಿದು, ಸುರುಳಿ ಮಾಡುವ ಯಂತ್ರ ಬಂದಿತು. ಬೇಗ ಬಣ್ಣ ಬಿಡುವ, ಹಾಲಿಗೆ ಸೋಲದ, ಬಡವನ ಕಾಸಿಗೆ ಎಟಕುವ ಚಹಾ ನಮ್ಮ ಬೀದಿಗಳಿಗೆ ಇಳಿದದ್ದು ಅದರ ದೆಸೆಯಿಂದ. ಅತ್ತೆಯವರು ನೀರಿಗೆ ಜಜ್ಜಿದ ಅಲ್ಲ ಹಾಕಿದರು, ಸಕ್ಕರೆ ಹಾಕಿದರು, ಪುಡಿ ಹಾಕಿದರು. ನೀರು ಕಪ್ಪಾಗುವವರೆಗೆ ಕುದಿಸಿದರು. ಡಾರ್ಜಿಲಿಂಗಿನ ಶಾಸ್ತ್ರವನ್ನು ಓದಿದ್ದ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹಾಲು. “ಎರಡು ಉಕ್ಕು ಬರಬೇಕು ನೋಡವಾ, ಒಂದಕ್ಕs ಇಳಿಸಬಾರದು” ಎಂದರು. ನನ್ನನ್ನು ಅವರು ‘ಅವಾ’ ಎಂದು ಕರೆದದ್ದು ಅದೇ ಮೊದಲು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಮಾತು ಮತ್ತೆ ಮೈಸೂರಿಗೆ ಬಂದುಬಿಡುತ್ತದೆಂದು ಹೆದರಿಕೆ. ಹಚ್ಚಿದ ಅವಲಕ್ಕಿಯನ್ನು ಎಣ್ಣೆ, ಮೆಂತ್ಯಹಿಟ್ಟು, ಖಾರದಪುಡಿ ಹಾಕಿ ಅವರೇ ಬೆರಳ ತುದಿಯಲ್ಲಿ ಕಲಸಿದರು.

ಅಂದು ನಮ್ಮವರ ಸೋದರತ್ತೆಯೂ ಬಂದಿದ್ದರು. ಅವರು ಅತ್ತೆಯವರ ನಾದಿನಿ, ಎರಡು ವರ್ಷ ಚಿಕ್ಕವರು. ಅದೇ ಮನೆಯಲ್ಲಿ ಹುಟ್ಟಿ ಬೆಳೆದು, ಕಾಫಿಬೀಜವನ್ನು ಮನೆಯಲ್ಲೇ ಹುರಿದು ಪುಡಿಮಾಡಿದ ಕಾಲದವರು. ಅತ್ತೆಯವರು ಎಲ್ಲರಿಗೂ ಕಪ್ಪು-ಬಸಿಯಲ್ಲಿ ಚಹಾ ಕೊಟ್ಟು, ತಾವೂ ಬಸಿಗೆ ಸುರುವಿಕೊಂಡು ಕುಡಿದರು. ಕೋಣೆಯಲ್ಲಿ ಸದ್ದಿಲ್ಲ. ಸೋದರತ್ತೆ ಎರಡು ಗುಟುಕು ಕುಡಿದು ಕೇಳಿದರು:

“ಅತ್ತಿಗೆ, ಇಷ್ಟು ಚೆನ್ನಾಗಿ ಟೀ ಮಾಡೋಕೆ ಬರುತ್ತಿದ್ದರೆ ಇಷ್ಟು ದಿವಸ ಯಾಕೆ ಮಾಡಲಿಲ್ಲ?”

“ಮಾಡತಿದ್ದೆನಲ್ಲ. ನನಗ ತಲಿನೋವು ಬಂದಾಗ.”

ಅತ್ತೆಯವರ ತಲೆನೋವು ನಮ್ಮ ಮನೆತನದಲ್ಲಿ ಪ್ರಸಿದ್ಧವಾದದ್ದು. ತಿಂಗಳಿಗೆ ಎರಡು ಮೂರು ಬಾರಿ, ಸಾಮಾನ್ಯವಾಗಿ ಮಧ್ಯಾಹ್ನ, ಎಲ್ಲರೂ ಮಲಗಿದ ಹೊತ್ತಿನಲ್ಲಿ ಬರುತ್ತಿತ್ತು. ಒಂದು ಲೋಟ ಟೀ ಕುಡಿದರೆ ಗುಣ. ಮೈಸೂರಿನ ವೈದ್ಯರು ಅದಕ್ಕೆ ಕನ್ನಡಕವನ್ನೂ ಕೊಟ್ಟಿದ್ದರು.

ಸೋದರತ್ತೆ ಕಪ್ಪನ್ನು ಕೆಳಗಿಟ್ಟರು. “ಹಾಗಾದ್ರೆ ಆ ತಲೆನೋವು...”

“ತಲಿ ಏನ್ ನೋಯತಿರಲಿಲ್ಲ ಬಿಡು. ಚಾ ಬೇಕಂದ್ರ ಅತ್ತಿಯವರು ಮೈ ಮುಟ್ಟಿ ನೋಡತಿದ್ರು. ಹೊಸದಾಗಿ ಬಂದಾಕಿ, ದಿನಾ ಚಾ ಬೇಕು ಅಂತ ಯಾರಿಗೆ ಹೇಳಲಿ? ಜಡ್ಡು ಅಂದ್ರ ಯಾರೂ ಬ್ಯಾಡ ಅನ್ನತಿರಲಿಲ್ಲ.”

ಇದನ್ನು ಅವರು ದೂರಿನಂತೆ ಹೇಳಲಿಲ್ಲ. ಅಷ್ಟು ವರ್ಷ ನಡೆಸಿಕೊಂಡು ಬಂದ ಒಂದು ಜಾಣತನವನ್ನು ಹೇಳುವವರಂತೆ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಮೊದಲು ನಕ್ಕವಳು ನನ್ನ ತಮ್ಮನ ಮಗಳು. ಆಮೇಲೆ ಎಲ್ಲರೂ ನಕ್ಕರು. ಸೋದರತ್ತೆ ಮಾತ್ರ ನಗಲಿಲ್ಲ. “ನಮ್ಮಮ್ಮ ಕೆಟ್ಟವಳಲ್ಲ ಅತ್ತಿಗೆ” ಎಂದರು. “ಛೇ, ನಾ ಹಂಗ ಎಲ್ಲಿ ಅಂದೆ?” ಎಂದು ಅತ್ತೆಯವರು ಅವರ ಕೈ ಹಿಡಿದುಕೊಂಡರು. ಆ ಮಾತಿನ ಆಚೆ ಈಚೆ ಇಬ್ಬರಿಗೂ ಇನ್ನೇನೇನು ಕಂಡಿತೋ ನಾವು ಹೇಗೆ ಹೇಳುವುದು? ಹಳೆಯ ಮನೆಯ ಒಲೆ, ಅದರ ಮುಂದೆ ಕೂತ ಹಿರಿಯಾಕೆ, ಇಪ್ಪತ್ತರ ಒಳಗಿನ ಇಬ್ಬರು ಹುಡುಗಿಯರು. ಸ್ವಲ್ಪ ಹೊತ್ತು ಇಬ್ಬರೂ ಹಾಗೆಯೇ ಕೂತಿದ್ದರು. ಅಧ್ಯಾಪಕರು ಏನೋ ಹೇಳಲು ಬಾಯಿ ತೆರೆದು, ಪುಣ್ಯಕ್ಕೆ ಅವಲಕ್ಕಿ ಹಾಕಿಕೊಂಡರು.

“ಮಾವನವರಿಗೆ ಗೊತ್ತಿತ್ತೆ?” ಎಂದು ರಾತ್ರಿ ನಾನೊಬ್ಬಳೇ ಇದ್ದಾಗ ಕೇಳಿದೆ.

ಅತ್ತೆಯವರು ಹಾಸಿಗೆಯ ಮೇಲೆ ಕೂತು ಔಷಧಿಯ ಮಾತ್ರೆಗಳನ್ನು ಎಣಿಸುತ್ತಿದ್ದರು. “ಯಾರಿಗ್ಗೊತ್ತು. ಏನೂ ಕೇಳಲಿಲ್ಲ ಎಂದೂ. ಆದರ ಚಾಪುಡಿ ಪಟ್ಣ ಖಾಲಿ ಆಗಿದ್ದು ನನಗಿಂತ ಮೊದಲು ಅವರಿಗೇ ತಿಳೀತಿತ್ತು. ‘ಯಾರಿಗಾದರೂ ಹುಷಾರಿಲ್ಲದೆ ಆದರೆ ಇರಲಿ’ ಅಂತ ತಂದು ಇಡತಿದ್ರು.” ಗಂಡನ ಮಾತನ್ನು ಅವರು ಮೈಸೂರು ಕನ್ನಡದಲ್ಲೇ ಹೇಳಿದರು.

ಈಗ ನಮ್ಮ ಅಡಿಗೆಮನೆಯಲ್ಲಿ ಸಂಜೆ ಎರಡು ಪಾತ್ರೆ ಒಲೆಯ ಮೇಲೇರುತ್ತವೆ. ಗ್ಯಾಸಿನ ಖರ್ಚಿನ ಬಗ್ಗೆ ನಮ್ಮ ಮನೆಯವರು ಲೆಕ್ಕ ಒಪ್ಪಿಸಿದರು. ಲೆಕ್ಕ ಸರಿಯಾಗಿಯೇ ಇತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆಯವರ ಮಾತು ಧಾರವಾಡಕ್ಕೂ ಮೈಸೂರಿಗೂ ನಡುವೆ ತನ್ನಿಷ್ಟ ಬಂದಂತೆ ಓಡಾಡುತ್ತದೆ. ಮುಂದಿನ ಎರಡನೆಯ ಶನಿವಾರಕ್ಕೆ ನೀಲಗಿರಿ ಎಂದು ಒಬ್ಬರು, ಮಲಬಾರಿನ ಸುಲೈಮಾನಿ ಎಂದು ಇನ್ನೊಬ್ಬರು ವಾದ ಹೂಡಿದ್ದಾರೆ, ಇತ್ಯರ್ಥವಾಗಿಲ್ಲ. ನಿನ್ನೆ ಬೆಳಿಗ್ಗೆ ಸೋದರತ್ತೆಯವರ ಫೋನು ಬಂತು.

“ಶನಿವಾರದವರೆಗೆ ಕಾಯೋಕಾಗಲ್ಲ ಕಣೇ. ಇವತ್ತೇ ಸಾಯಂಕಾಲ ಬರ್ತೀನಿ. ಅತ್ತಿಗೆಗೆ ಹೇಳು, ಬೆಳಿಗ್ಗೆಯಿಂದ ಯಾಕೋ ತಲೆನೋವು.”